ಹೆಸರು ಕೂಗುವವನ ಹೆಂಡತಿ

ನಮ್ಮ ಊರಿನಲ್ಲಿ ನನ್ನ ಬಾಯಿಗೆ ಸಿಕ್ಕದ ಹೆಸರು ಒಂದೂ ಇರಲಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನ ನೌಕರಿಯೇ ಅದು. ನಾನು ಗುರುಪಾದ. ಮುನ್ಸೀಫ್ ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿದಾರರ ಹೆಸರು ಕೂಗುತ್ತ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ತಂದೆಯ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಕೂಗಬೇಕು. ದೂರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತ ಸಾಕ್ಷಿದಾರನೂ ಚೀಲ ಬಿಟ್ಟು ಓಡಿ ಬರಬೇಕು. ಬರುತ್ತಿದ್ದರು. ನನ್ನ ಗಂಟಲು ಅಂಥದ್ದು. ನಾನು ಪಿಸುಗುಟ್ಟಿದರೂ ಮೂರು ಓಣಿಗೆ ಕೇಳುತ್ತದೆಂದು ನನ್ನ ಹತ್ತಿರ ಯಾರೂ ಗುಟ್ಟು ಹೇಳುತ್ತಿರಲಿಲ್ಲ.

ಅಂಥ ಊರಿಗೆ ಓಗೊಡುವ ಜ್ವರ ಬಂತು. ಯಾರಾದರೂ ಹೆಸರು ಹಿಡಿದು ಕರೆದಾಗ ‘ಓ’ ಅಂದರೆ ಸಾಕು, ತಾಸಿನೊಳಗೆ ಮೈ ಕಾಯುತ್ತಿತ್ತು. ಕೂಗು ಬಂದ ದಿಕ್ಕಿಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ಹದಿನಾಲ್ಕು ದಿನ ತಡೆದುಕೊಂಡವರು ಗೆದ್ದರು. ಹತ್ತರಲ್ಲಿ ಒಬ್ಬರು ಗೆಲ್ಲಲಿಲ್ಲ. ಕರೆದರೆ ಸುಮ್ಮನಿದ್ದರಾಯಿತಪ್ಪ, ಓ ಅನ್ನಲೇಬೇಕೆಂದು ಯಾರು ಹೇಳಿದರು ಅಂತ ನೀವು ಕೇಳಬಹುದು. ಬೆನ್ನ ಹಿಂದಿನಿಂದ ಯಾರಾದರೂ ನಿಮ್ಮ ಹೆಸರು ಕರೆಯಲಿ, ಆಮೇಲೆ ಹೇಳಿ. ಯುಗಾದಿಯ ಮರುದಿನವೇ ಪುರಸಭೆಯ ಆದೇಶ ಹೊರಟಿತು. ಮುಂದಿನ ತಿಳುವಳಿಕೆ ಕೊಡುವವರೆಗೆ ಊರ ಸೀಮೆಯಲ್ಲಿ ಯಾರೂ ಯಾರ ಹೆಸರನ್ನೂ ಬಾಯಿಂದ ಉಚ್ಚರಿಸತಕ್ಕದ್ದಲ್ಲ; ಬರೆಯಬಹುದು, ಮನಸ್ಸಿನಲ್ಲಿ ನೆನೆಯಬಹುದು.

ಮೊದಲ ವಾರ ಎಲ್ಲರಿಗೂ ಮೋಜೇ ಆಯಿತು. ಕಿರಾಣಿ ಅಂಗಡಿಯವನು ಗಿರಾಕಿಗಳನ್ನು ‘ಅರ್ಧ ಕೇಜಿ ಬೇಳೆ’, ‘ಎರಡು ಬೆಂಕಿಪೊಟ್ಟಣ’ ಎಂದು ಕರೆಯತೊಡಗಿದ. ಲಗ್ನಪತ್ರಿಕೆ ಓದಿ ಹೇಳುವಾಗ ಹಿರಿಯರು ವರನ ಹೆಸರು ಬಂದಲ್ಲಿ ಮೀಸೆ ತೀಡಿ, ವಧುವಿನ ಹೆಸರು ಬಂದಲ್ಲಿ ಹಣೆ ಮುಟ್ಟಿ ಮುಂದಕ್ಕೆ ಹೋದರು. ಗುಡಿಯ ಪೂಜಾರಿ ಅರ್ಚನೆಗೆ ನಕ್ಷತ್ರ ಮಾತ್ರ ಕೇಳಿದ. ಉಳಿದದ್ದು ದೇವರಿಗೆ ಗೊತ್ತಿರುತ್ತದೆ ಅಂದ. ಬರಬರುತ್ತ ಮೋಜು ಇಳಿಯಿತು. ಹೆಸರಿಲ್ಲದ ಚಾಡಿ ಉಪ್ಪಿಲ್ಲದ ಸಾರಿನಂತಾಗಿ, ಕಟ್ಟೆಯ ಮೇಲಿನ ಮುದುಕರು ಮಾತು ಬಿಟ್ಟು ಬೀದಿ ನಾಯಿಗಳನ್ನು ನೋಡುತ್ತ ಕೂತರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಜನರ ಮುಖದಲ್ಲಿ ಏನೋ ಒಂದು ಕಮ್ಮಿಯಾಗಿತ್ತು. ಒಬ್ಬರೇ ಇರುವ ನಿವೃತ್ತ ಮಾಸ್ತರರು ತಮ್ಮ ವಿಳಾಸಕ್ಕೆ ತಾವೇ ಕಾರ್ಡು ಬರೆದು ಅಂಚೆಗೆ ಹಾಕುತ್ತಿದ್ದರು. ಪೋಸ್ಟ್‌ಮನ್ ತಂದುಕೊಟ್ಟರೆ ಬಾಗಿಲಲ್ಲೇ ನಿಂತು ತಮ್ಮ ಹೆಸರಿನ ಮೇಲೆ ಬೆರಳಾಡಿಸುವರು. ಅದನ್ನು ನೋಡಿದ ಇನ್ನೊಬ್ಬರೂ ಬರೆದರು. ದಸರಾ ಹೊತ್ತಿಗೆ ನಮ್ಮ ಊರಿನಲ್ಲಿ ಕಾರ್ಡು ಸಿಗುವುದೇ ಕಷ್ಟವಾಯಿತು.

ನನ್ನ ಪಾಡು ಕೇಳಬೇಡಿ. ಕೋರ್ಟಿನಲ್ಲಿ ನನ್ನ ಕೈಗೆ ಒಂದು ಪಾಟಿ ಕೊಟ್ಟರು. ಅದರ ಮೇಲೆ ಹೆಸರು ಬರೆದು ತಲೆಯ ಮೇಲೆ ಎತ್ತಿ ಹಿಡಿದು ಇಂಗು ತಿಂದ ಮಂಗನ ಹಾಗೆ ವರಾಂಡದಲ್ಲಿ ಸುತ್ತಬೇಕು. ಓದು ಬಾರದ ಸಾಕ್ಷಿದಾರರು ‘ಚಾ ಎಷ್ಟಕ್ಕ ಒಂದು ಅಂತ ಬರದೈತಿ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಬೀದಿಯಲ್ಲಂತೂ ನನ್ನನ್ನು ಕಂಡರೆ ಹಾವು ತುಳಿದವರಂತೆ ಹೌಹಾರುತ್ತಿದ್ದರು. ಇಡೀ ಊರಿನ ಹೆಸರು ತಂದೆಯ ಹೆಸರಿನ ಸಮೇತ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವವನು, ಬಾಯಿ ತಪ್ಪಿ ಒಂದು ಹೊರಬಿದ್ದರೆ? ಕಡೆಗೆ ಪುರಸಭೆಯವರು ನನ್ನೊಬ್ಬನಿಗಾಗಿ ಬೇರೆಯದೇ ಆದೇಶ ಮಾಡಿದರು. ನಾನು ಹೊರಗೆ ಬಂದರೆ ಬಾಯಿಗೆ ನಾಲ್ಕು ಪದರದ ಬಟ್ಟೆ ಕಟ್ಟಿಕೊಂಡೇ ಬರಬೇಕು. ಕಟ್ಟಿಕೊಂಡೆ. ನಾಲ್ಕು ಪದರದ ಹಿಂದೆ ನಿಂತು ನಕ್ಕರೂ ಯಾರಿಗೂ ಕಾಣುತ್ತಿರಲಿಲ್ಲ, ಹಾಗಾಗಿ ನಗುವುದನ್ನೂ ಬಿಟ್ಟೆ.

ಇನ್ನು ನನ್ನ ಹೆಂಡತಿ. ಜ್ವರ ಬಂದು ಊರೆಲ್ಲ ಕಂಗಾಲಾದಾಗ ಆಕೆಗೆ ಮಾತ್ರ ಏನೂ ಆಗಲಿಲ್ಲ. ರೊಟ್ಟಿ ಬಡಿಯುವುದು, ಹಪ್ಪಳ ಒಣಗಿಸುವುದು, ನನ್ನನ್ನು ಊಟಕ್ಕೆ ಎಬ್ಬಿಸುವುದು ಎಲ್ಲ ಮೊದಲಿನಂತೆಯೇ ನಡೆದಿತ್ತು. ಯಾಕೆಂದರೆ ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಆಕೆ ಒಮ್ಮೆಯೂ ನನ್ನ ಹೆಸರು ಹೇಳಿರಲಿಲ್ಲ. ಗಂಡನ ಹೆಸರೆತ್ತಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಮದುವೆಯ ದಿನ ಒಡಪು ಹಾಕಿಸಿದಾಗ ಪದ್ಯದ ನಡುವೆ ಒಮ್ಮೆ ಹೇಳಿದ್ದಳಂತೆ. ಬ್ಯಾಂಡಿನವರ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ನಾನೂ ಆಕೆಯನ್ನು ಕರೆದವನಲ್ಲ. ‘ಏ’ ಅಂದರೆ ನೀರು ಬರುತ್ತಿತ್ತು, ‘ಏ ಏ’ ಅಂದರೆ ಚಹಾ. ರೇಶನ್ ಕಾರ್ಡಿನಲ್ಲಿ ಅನ್ನಪೂರ್ಣಾ ಎಂದಿತ್ತು, ಅದು ಕಾರ್ಡಿನಲ್ಲೇ ಇತ್ತು.

ಇದನ್ನು ಮೊದಲು ಕಂಡುಕೊಂಡವಳು ಎದುರು ಮನೆಯ ಗೃಹಿಣಿ. ಇಷ್ಟು ಸಲೀಸಾಗಿ ಹೇಗೆ ನಡೆಸುತ್ತೀ ಎಂದು ಕೇಳಲು ಬಂದಳು. ಮರುದಿನ ನಾಲ್ವರು ಬಂದರು. ಎರಡು ವಾರದಲ್ಲಿ ನಮ್ಮ ಪಡಸಾಲೆ ಶಾಲೆಯಾಯಿತು. ಹೆಸರಿಲ್ಲದೆ ಮನುಷ್ಯನನ್ನು ಕರೆಯುವ ವಿದ್ಯೆಯಲ್ಲಿ ನನ್ನ ಹೆಂಡತಿ ಎಷ್ಟು ಪಳಗಿದವಳೆಂದು ನನಗೆ ಆವತ್ತೇ ಗೊತ್ತಾದದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ ನೋಡಿ. ಬಳೆ ಸದ್ದು ಮಾಡುವುದರಲ್ಲೇ ಆರು ಬಗೆ ಇತ್ತು. ತಟ್ಟೆ ಮೆತ್ತಗೆ ಇಟ್ಟರೆ ಊಟ, ಕುಕ್ಕಿದರೆ ಜಗಳ. ಬೆಕ್ಕಿನ ಕಡೆ ತಿರುಗಿ ‘ಕೆಲವರಿಗೆ ಸಾರು ಆರಾಕತ್ತೈತಿ ಅನ್ನೂ ಖಬರಿಲ್ಲ’ ಅಂದರೆ ಮನೆಯಲ್ಲಿದ್ದ ಆ ಕೆಲವರು ಎದ್ದು ಬರಲೇಬೇಕು. ಪುರಸಭೆಯ ಅಧ್ಯಕ್ಷರೂ ನಾಚಿಕೆ ಬಿಟ್ಟು ಬಂದು ಚಾಪೆಯ ತುದಿಗೆ ಕೂತರು. ಹೆಸರಿನ ಬದಲು ಕೆಮ್ಮಿ ಕರೆಯುವ ಪಾಠ ಮಾತ್ರ ಅವರಿಗೆ ಹತ್ತಲಿಲ್ಲ.

“ಹಂಗಲ್ರಿ ಸಾಹೇಬ್ರ, ಅದು ದಮ್ಮಿನ ಕೆಮ್ಮಾತು,” ಎಂದು ನನ್ನ ಹೆಂಡತಿ ತಿದ್ದುತ್ತಿದ್ದಳು. “ಒಂದ ಸಲ, ಸಣ್ಣಗ. ನಾ ಇಲ್ಲೇ ಅದೀನಿ ಅಂತ ಹೇಳಿದಾಂಗ ಇರಬೇಕು.”

“ಇಷ್ಟೆಲ್ಲಾ ಯಾರ ಹತ್ರ ಕಲತೀರಿ ಬಾಯಾರ?” ಎಂದರು ಅಧ್ಯಕ್ಷರು, ಬೆವರು ಒರೆಸಿಕೊಳ್ಳುತ್ತ.

“ಕಲ್ಯಾಕ ಯಾರ ಹತ್ರ ಹೋಗೂದ್ರಿ? ನಮಗ ಈ ರೋಗ ಮದವ್ಯಾದ ದಿನಾನ ಬಂದೈತಿ. ನಿಮಗ ಈಗ ಬಂತು, ಅಷ್ಟ.”

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಮೂಲೆಯಲ್ಲಿ ಅಡಕೊತ್ತು ಹಿಡಿದು ಕೂತಿದ್ದೆ. ನನಗೂ ನಗು ಬಂತು. ಆ ಮಾತು ನನ್ನ ಕಡೆಗೇ ಬಂದದ್ದು ಎಂದು ಅವತ್ತು ಹೊಳೆಯಲಿಲ್ಲ.

ನನಗೆ ಆಗ ನನ್ನದೇ ಚಿಂತೆ. ಇಪ್ಪತ್ತೊಂಬತ್ತು ವರ್ಷ ದುಡಿದ ಗಂಟಲು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿತ್ತು. ಒಂದು ದಿನ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದರೆ ಹಳೆಯ ಬಾಗಿಲಿನ ಸದ್ದು ಬಂತು. ಹೆದರಿದೆ. ಊರಿನಿಂದ ಒಂದೂವರೆ ಮೈಲಿ ಆಚೆ ಪಾಳುಬಿದ್ದ ಕಲ್ಲುಗಣಿ ಇದೆ. ರಜೆಯ ದಿನ ಬೆಳಗಿನ ರೊಟ್ಟಿ ತಿಂದು ಅಲ್ಲಿಗೆ ಹೋಗಿ, ಬಾಯಿಯ ಬಟ್ಟೆ ಬಿಚ್ಚಿಟ್ಟು, ಕೂಗತೊಡಗಿದೆ. ಯಾರೂ ಬೈಯುವ ಹಾಗಿರಲಿಲ್ಲ, ಅಷ್ಟು ಎಚ್ಚರದಿಂದ ಹೆಸರು ಆರಿಸಿದ್ದೆ. ಇಪ್ಪತ್ತು ವರ್ಷದ ಹಿಂದೆ ತೀರ್ಪಾದ ದಾವೆಗಳವು, ಅದರಲ್ಲೂ ಸತ್ತವರವು ಮಾತ್ರ. ಸತ್ತವರು ಓ ಅನ್ನುವುದಿಲ್ಲ. ಊರಿನಲ್ಲಿ ಅದೇ ಹೆಸರಿನ ಬೇರೆ ಯಾರೂ ಬದುಕಿರಬಾರದು ಅಂತಲೂ ನೋಡಿಕೊಳ್ಳುತ್ತಿದ್ದೆ. ಮತದಾರರ ಪಟ್ಟಿ ನನಗೆ ಬಾಯಿಪಾಠ, ಮೋಸವಾಗುವ ಮಾತೇ ಇರಲಿಲ್ಲ. ಕೂಗಿದ ಹೆಸರು ಕಲ್ಲಿಗೆ ಬಡಿದು ಇಮ್ಮಡಿಯಾಗಿ ಬರುತ್ತಿತ್ತು. ಎದೆ ಹಗುರಾಗುತ್ತಿತ್ತು. ಸತ್ತವರಿಗೆ ಉಪಕಾರ ಮಾಡುತ್ತಿದ್ದೇನೆ ಅಂತಲೂ ಅನ್ನಿಸಿದ್ದುಂಟು.

ಕಾರ್ತಿಕದ ಒಂದು ಭಾನುವಾರ ಒಂದು ಬಾವಿಯ ದಾವೆ ತೆಗೆದುಕೊಂಡೆ. ಮೂರನೆಯ ಪ್ರತಿವಾದಿಯದು ತುಂಬು ಹೆಸರು, ಬಾಯಿ ತುಂಬ ಕೂಗಲು ಬರುವಂಥದ್ದು. “ದುಂಡವ್ವಾ, ಕೋಂ ಕಲ್ಲಪ್ಪಾ, ಹಾಜರಿದ್ದೀರಾ?” ಎಂದು ಕೂಗಿದೆ. ಅವತ್ತು ಗಾಳಿ ಊರಿನ ಕಡೆಗಿತ್ತು. ಗಂಟಲು ಹಳೆಯ ಹದಕ್ಕೆ ಬಂದಿತ್ತು. ಖುಷಿಯಾಗಿ ಇನ್ನೂ ಎರಡು ಸಲ ಕೂಗಿದೆ.

ಮನೆಗೆ ಬಂದರೆ ಒಲೆಯ ಮೇಲೆ ರೊಟ್ಟಿ ಕರಕಾಗಿ ಹೊಗೆ ಏಳುತ್ತಿತ್ತು. ನನ್ನ ಹೆಂಡತಿ ಹಿತ್ತಲ ಹೊಸ್ತಿಲ ಮೇಲೆ ಕೂತಿದ್ದಳು, ಕೈಯಲ್ಲಿ ಹಿಟ್ಟು ಹಾಗೇ ಒಣಗಿತ್ತು. ಮುಖ ಕಲ್ಲುಗಣಿಯ ದಿಕ್ಕಿಗೆ. ಮುಟ್ಟಿದರೆ ಹೆಂಚಿನಂತೆ ಕಾದಿದ್ದಳು.

“ಏ, ಯಾರು ಕರದ್ರು ನಿನ್ನ?” ಎಂದೆ.

“ನೀವ ಕರದ್ರಲ್ಲ,” ಎಂದಳು. ಸಣ್ಣಗೆ ನಗುತ್ತಿದ್ದಳು, ಅದನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು. “ದುಂಡವ್ವಾ ಅಂತ. ನಮ್ಮವ್ವ ಇಟ್ಟ ಹೆಸರು ಅದು. ನಿಮ್ಮವ್ವಗ ಹಳ್ಳಿ ಹೆಸರು ಅನಿಸ್ತು. ಮದವ್ಯಾಗ ಅಕ್ಕಿ ಮ್ಯಾಲ ಅನ್ನಪೂರ್ಣಾ ಅಂತ ಬರಸಿದ್ರು. ಅವತ್ತಿಂದ ಯಾರೂ ಕರದಿಲ್ಲ.”

“ಅದು ನಿನಗಲ್ಲೇ! ಅದು ಬಾವಿ ದಾವೇದ ದುಂಡವ್ವ, ಸತ್ತ ಹನ್ನೆರಡ ವರ್ಷಾತು!”

“ಗೊತ್ತೈತ್ರಿ. ಆಕಿ ಗಂಡನ ಹೆಸರೂ ಕೂಗಿದ್ರಿ. ಆದ್ರ ಮೊದಲ ನನ್ನ ಹೆಸರ ಬಂತಲ್ರಿ. ಮೊದಲನೇ ಸಲ ತಡಕೊಂಡೆ, ಎರಡನೇ ಸಲಾನೂ ತಡಕೊಂಡೆ. ಮೂರನೇ ಸಲ ಓ ಅಂದಬಿಟ್ಟೆ.”

ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದೆ. ನಮ್ಮ ಮದುವೆಯ ಕರೆಯೋಲೆಯಲ್ಲಿ ಆ ಹೆಸರು ಅಚ್ಚಾಗಿತ್ತು. ನಾನೇ ನೂರೈವತ್ತು ಮನೆಗೆ ಹಂಚಿದ್ದೆ. ಊರವರ ಅಜ್ಜನ ಹೆಸರು, ಮುತ್ತಜ್ಜನ ಹೆಸರು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುವವನು ಇದೊಂದನ್ನು ಮರೆತಿದ್ದೆ. ಊರಿನಲ್ಲಿ ದುಂಡವ್ವ ಎಂಬವರು ಯಾರೂ ಬದುಕಿಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಆರೋಗ್ಯ ಕೇಂದ್ರದ ನರ್ಸಬಾಯಿ ದಪ್ಪ ಕನ್ನಡಕ ಏರಿಸಿಕೊಂಡು, ಯಾವ ಮನೆಗೆ ಹೋದರೂ ಕೇಳುವ ಪ್ರಶ್ನೆ ಕೇಳಿದಳು. ಯಾರು ಕರೆದರು, ಎಷ್ಟು ಹೊತ್ತಿಗೆ, ಮುಂದಿನಿಂದಲೋ ಹಿಂದಿನಿಂದಲೋ. ನಾನೇ ಎಂದೆ.

“ಹೆಂಡ್ತಿ ಹೆಸರು ಹಿಡದು ಕರದ್ರೇನು? ನೀವು, ಕೋರ್ಟಿನ ಮಂದಿ?”

“ಇಲ್ರಿ ಬಾಯಾರ. ಒಮ್ಮೆರ ಕರದಿದ್ರ ಇದು ಆಗ್ತಿದ್ದಿಲ್ಲ.”

ಆಕೆಗೆ ಅರ್ಥವಾಗಲಿಲ್ಲ. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ನಿಯಮ ಹೇಳಿ ಹೋದಳು. ಜ್ವರದವರು ಒಳಕೋಣೆಯಲ್ಲಿರಬೇಕು. ಅವರನ್ನು ಹೆಸರು ಹಿಡಿದು ಕರೆದರೆ ಜ್ವರ ಇಮ್ಮಡಿಯಾಗುತ್ತದೆ. ಆರೈಕೆಯವರು ಕಿಟಕಿಯಿಂದ ಗಂಜಿ ಕೊಡಬೇಕು, ಕಿವಿಗೆ ಅರಳೆ ತುಂಬಿಕೊಂಡಿರಬೇಕು. ಯಾಕೆಂದರೆ ಏಳೆಂಟು ದಿನವಾದ ಮೇಲೆ ಜ್ವರದವರು ಬಡಬಡಿಸುತ್ತ ಕಂಡಕಂಡವರ ಹೆಸರು ಕರೆಯುತ್ತಾರೆ, ಓಗೊಟ್ಟವರೂ ಮಲಗಬೇಕಾಗುತ್ತದೆ.

ಒಂದೊಂದು ದಿನವೂ ಒಂದೊಂದು ವರ್ಷವಾಯಿತು. ನಾನು ಮಾಡಿದ ಗಂಜಿ ಮೊದಲ ದಿನ ಗೋಡೆಗೆ ಬಳಿಯುವ ಹಾಗಿತ್ತು, ಎರಡನೆಯ ದಿನ ಕೈ ತೊಳೆಯುವ ಹಾಗೆ. ಆಕೆಯ ವಿದ್ಯಾರ್ಥಿನಿಯರು ಬೀದಿಯಲ್ಲಿ ನಿಂತು ಬಳೆ ಸದ್ದು ಮಾಡಿ ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಅಧ್ಯಕ್ಷರು ಬಂದು ಒಂದೇ ಒಂದು ಸಲ, ಸಣ್ಣಗೆ, ಸರಿಯಾಗಿ ಕೆಮ್ಮಿದರು. ನಾನು ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಆರನೆಯ ದಿನ ಗಂಜಿ ಮುಟ್ಟಲಿಲ್ಲ, ಏಳನೆಯ ದಿನ ಕಣ್ಣು ತೆರೆಯಲಿಲ್ಲ. ನರ್ಸಬಾಯಿ ಕಿಟಕಿಯಿಂದ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ ಹೋದಳು. ಈಗ ನನಗೆ ಹೆಂಡತಿಯ ಹೆಸರು ಗೊತ್ತಿತ್ತು. ಅದನ್ನು ಕರೆಯಲು ಬೇಕಾದ ಗಂಟಲೂ ಇತ್ತು. ಕರೆದರೆ ಸಾಯುತ್ತಾಳೆ, ಕರೆಯದೆಯೂ ಸಾಯಬಹುದು. ಆಕೆ ಸತ್ತರೆ ಒಂದು ಸಲವೂ ಕರೆಯದೆ ಮಣ್ಣು ಮಾಡಬೇಕಲ್ಲ ಎಂದು ನೆನೆದು ಬಾಯಿಯ ಬಟ್ಟೆಯೊಳಗೇ ಅತ್ತೆ.

ಒಂಬತ್ತನೆಯ ದಿನ ಮಧ್ಯಾಹ್ನ ಕಿಟಕಿಯಲ್ಲಿ ಇಣುಕಿದರೆ ಆಕೆಯ ತುಟಿ ಅಲುಗಾಡುತ್ತಿತ್ತು. ನೀರು ಕೇಳುತ್ತಿದ್ದಾಳೆಂದು ಲೋಟ ಚಾಚಿದೆ. ನೀರಲ್ಲ. ಕಣ್ಣು ಮುಚ್ಚಿಯೇ ಇತ್ತು, ತುಟಿ ಮಾತ್ರ ಮತ್ತೆ ಮತ್ತೆ ಅದೇ ಆಕಾರಕ್ಕೆ ಬರುತ್ತಿತ್ತು. ಬಡಬಡಿಕೆ ಶುರುವಾಯಿತು, ಅರಳೆ ಇನ್ನಷ್ಟು ಒತ್ತಿಕೋ ಎಂದು ಬುದ್ಧಿ ಹೇಳಿತು. ಯಾರನ್ನು ಕರೆಯುತ್ತಿದ್ದಾಳೆ? ಅವ್ವನನ್ನೋ, ಅಣ್ಣನನ್ನೋ? ತಡೆಯಲಾಗದೆ ಒಂದು ಕಿವಿಯ ಅರಳೆ ತೆಗೆದೆ.

“ಗುರುಪಾದಾ,” ಎಂದಳು.

ಹೊಲದ ಆ ಬದುವಿನಲ್ಲಿದ್ದವನನ್ನು ಈ ಬದುವಿನಿಂದ ಕರೆಯುವ ಹಾಗೆ, ರಾಗವಾಗಿ. ರೀ ಇಲ್ಲ, ಕೆಮ್ಮಿಲ್ಲ, ಬೆಕ್ಕಿನ ಕಡೆ ನೋಡಿ ಆಡಿದ್ದಲ್ಲ. ನನ್ನನ್ನೇ. ನನ್ನ ಹೆಸರು ಅಷ್ಟು ಚೆಂದವಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ. ಆಕೆ ಸ್ವಲ್ಪ ಕಾದು, ಉತ್ತರ ಬಾರದ್ದಕ್ಕೆ ಹುಬ್ಬು ಗಂಟಿಕ್ಕಿ, ಮತ್ತೆ “ಗುರುಪಾದಾ” ಎಂದಳು. ಕರೆದವರಿಗೆ ಯಾರೂ ಓ ಅನ್ನದಿದ್ದರೆ ಅವರ ಮುಖ ಹೇಗಾಗುತ್ತದೆಂದು ಕೋರ್ಟಿನ ಬಾಗಿಲಲ್ಲಿ ನಿಂತವನಿಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಕರೆಯುವವನು ನಾನೇ.

ತಿಳಿದೂ ತಿಳಿದೂ, ಬಾಯಿಯ ಬಟ್ಟೆ ಬಿಚ್ಚಿ, “ಓ” ಎಂದೆ. ಮೂರು ಓಣಿಗೆ ಕೇಳಿಸಿತಂತೆ. ಆಕೆಯ ಹುಬ್ಬಿನ ಗಂಟು ಬಿಚ್ಚಿತು. ಪಕ್ಕಕ್ಕೆ ಹೊರಳಿ ನಿದ್ದೆ ಹೋದಳು.

ಸಂಜೆಗೆ ನರ್ಸಬಾಯಿ ಬಂದಾಗ ನಾನೂ ಒಳಕೋಣೆಯಲ್ಲಿ ಚಾಪೆ ಹಾಸಿ, ಹೆಂಡತಿಯ ಮಂಚದ ಕಡೆ ಮುಖ ಮಾಡಿ ಕೂತಿದ್ದೆ.

“ಅರಳಿ ಯಾಕ ತಗದ್ರಿ? ಹೋಗ್ಲಿ, ತಗದ್ರಿ. ಓ ಯಾಕ ಅಂದ್ರಿ? ಸಾಯೂ ಹುರುಪೇನು ನಿಮಗ?”

“ಕರದಾಗ ಹಾಜರಾಗಲಿಲ್ಲಂದ್ರ ವಾರಂಟ್ ಹೊರಡತೈತ್ರಿ ಬಾಯಾರ,” ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

ಹನ್ನೆರಡನೆಯ ದಿನ ನನ್ನ ಹೆಂಡತಿ ಎದ್ದು ಕೂತಳು. ಎದ್ದವಳು ಮೊದಲು ಮಾಡಿದ ಕೆಲಸ ಪಾತ್ರೆಯಲ್ಲಿದ್ದ ನನ್ನ ಗಂಜಿಯ ವಾಸನೆ ನೋಡಿ ಹಿತ್ತಲಿಗೆ ಚೆಲ್ಲಿದ್ದು, ಎರಡನೆಯದು ನನ್ನನ್ನು ಬೈದದ್ದು. “ಜ್ವರದಾಗ ಏನೋ ಅಂದಿರ್ತೀನಿ, ಅದಕ್ಕ ಓ ಅಂತಾರೇನು? ಬುದ್ಧಿ ಬ್ಯಾಡ?” ಎಂದು ಐದು ದಿನ ಬೈಯುತ್ತಲೇ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ನಾನು ಹೇಗೆ ಗೆದ್ದೆನೋ ಗೊತ್ತಿಲ್ಲ. ನನ್ನ ಜ್ವರದ ಹದಿನೈದನೆಯ ದಿನ ಬೆಳಿಗ್ಗೆ ಬೆವರು ಬಿಟ್ಟು ಎಚ್ಚರವಾಯಿತು. ಹೊಟ್ಟೆ ಹಸಿದಿತ್ತು. ಆಕೆ ಕಾಲ ಬಳಿ ಕೂತು ಕಡಲೆ ಕೇರುತ್ತಿದ್ದಳು.

ಒಮ್ಮೆ ಬಂದು ಹೋದವರಿಗೆ ಈ ಜ್ವರ ಮತ್ತೆ ಬಾರದು. ಎಂದರೆ ಅವರನ್ನು ಕರೆಯಬಹುದು. ಇದು ನೆನಪಾಗಿ ನನಗೆ ಒಮ್ಮೆಲೇ ಸಂಕೋಚವಾಯಿತು, ಹೆಣ್ಣು ನೋಡಲು ಹೋದ ದಿನದ ಹಾಗೆ.

“ಇನ್ನ ಮ್ಯಾಲ ನಿನ್ನ ಏನಂತ ಕರೀಲಿ?” ಎಂದೆ.

“ಇಷ್ಟ ದಿನ ಏನಂತ ಕರೀತಿದ್ರಿ?”

“ಏ ಅಂತ.”

“ಅದನ್ನ ಬಿಡ್ರಿ ಮೊದಲ,” ಎಂದಳು, ಮೊರದಿಂದ ಕಣ್ಣು ತೆಗೆಯದೆ. ಕಿವಿ ಕೆಂಪಾಗಿತ್ತು.

ಊರಿನ ಆದೇಶ ಇನ್ನೂ ಐದು ತಿಂಗಳು ಇತ್ತು, ಜ್ವರ ಗೆದ್ದವರ ಹೆಸರಿಗೆ ಮಾತ್ರ ತಡೆಯಿರಲಿಲ್ಲ. ಆ ಹೊತ್ತಿಗೆ ಜ್ವರ ಗೆದ್ದವರು ಅಲ್ಲಿ ಇಲ್ಲಿ ಒಬ್ಬೊಬ್ಬರಿದ್ದರು, ಆದರೆ ಮನೆಯವರು ಹೆದರಿಕೆಗೆ ಅವರನ್ನೂ ಕರೆಯುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಗೆದ್ದ ಮನೆ ನಮ್ಮದೊಂದೇ. ನಾನು ಹಿತ್ತಲಲ್ಲಿ ನಿಂತು ದುಂಡವ್ವಾ ಎಂದು ಕೂಗಿದರೆ ಸಂತೆಯವರೆಗೆ ಕೇಳುತ್ತಿತ್ತು. ಆಕೆ ಮೊದಮೊದಲು ಬಾಗಿಲು ಹಾಕಿಕೊಂಡು, ಆಮೇಲೆ ಬಾಗಿಲು ತೆರೆದೇ, ಗುರುಪಾದಾ ಎನ್ನುತ್ತಿದ್ದಳು. ಗಂಡನ ಹೆಸರು ಹಿಡಿದು ಕರೆಯುತ್ತಾಳಲ್ಲ ಎಂದು ಎದುರು ಮನೆಯವಳು ಕೆನ್ನೆ ಬಡಿದುಕೊಂಡಳು. ಮರುದಿನದಿಂದ ಹೂ ಕಟ್ಟುವ ನೆವ ಮಾಡಿಕೊಂಡು ನಮ್ಮ ಕಟ್ಟೆಯ ಮೇಲೇ ಬಂದು ಕೂತಳು. ನಿವೃತ್ತ ಮಾಸ್ತರರು ಬಂದರು. ಅಧ್ಯಕ್ಷರೂ ಬಂದರು. ಸಂಜೆಯಾದರೆ ಹತ್ತು ಹದಿನೈದು ಜನ, ಏನೂ ಮಾತಾಡದೆ, ಒಂದು ಹೆಸರು ಬಾಯಿಂದ ಹೊರಟು ಅದಕ್ಕೊಂದು ಓ ಸಿಗುವುದನ್ನು ಕೇಳುತ್ತ ಕೂತಿರುತ್ತಿದ್ದರು. ನಾವು ಅವರಿಗೋಸ್ಕರ ಕರೆಯುತ್ತಿರಲಿಲ್ಲ. ಆದರೆ ಅವರು ಇದ್ದಾರೆಂದು ನಿಲ್ಲಿಸಲೂ ಇಲ್ಲ.

ಒಂದು ಸಂಜೆ ಮಾಸ್ತರರು ತಡೆಯಲಾರದೆ ಕೇಳಿಯೇಬಿಟ್ಟರು. “ಅಲ್ರಿ, ಬೆಳಗಿಂದ ಎಣಿಸಾಕತ್ತೀನಿ, ಇಪ್ಪತ್ತಮೂರ ಸಲ ಕರದ್ರಿ. ಅಂಥಾದ್ದೇನು ಕೆಲಸ ಇರತೈತ್ರಿ ಅವರ ಹತ್ರ?”

ಅಷ್ಟರಲ್ಲಿ ಒಳಗಿನಿಂದ ಆಕೆಯೇ ಕರೆದಳು, ರಾಗವಾಗಿ. ನಾನು “ಓ, ಏನು?” ಎಂದೆ. ಕಟ್ಟೆಯ ಮೇಲಿದ್ದವರೆಲ್ಲ ಉಸಿರು ಹಿಡಿದು ಕಿವಿಗೊಟ್ಟರು.

“ಏನಿಲ್ಲ,” ಎಂದಳು ದುಂಡವ್ವ.